ಹೃದಯದ ಯಂತ್ರಕ್ಕೆ ಪೀಣ್ಯದ ಬಿಡಿಭಾಗ

ಬಡಿತ ನಿಧಾನವಾದ ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸುವಾಗ ವೈದ್ಯರು ಅದರ ತಂತಿಯನ್ನು ರಕ್ತನಾಳದ ಮೂಲಕ ಒಳಗೆ ಸಾಗಿಸುವುದು ಕ್ಯಾಥ್‌ಲ್ಯಾಬಿನ ಎಕ್ಸ್-ರೇ ಪರದೆಯನ್ನು ನೋಡುತ್ತಲೇ. ಇಂತಹ ಚಿತ್ರಣ ಯಂತ್ರಗಳ ತಯಾರಿಕೆಗೆಂದು ವಿಪ್ರೋ ಜಿಇ ಸಂಸ್ಥೆಯು 2022ರಲ್ಲಿ ಬೆಂಗಳೂರಿನಲ್ಲಿಯೇ ಹೊಸ ಕಾರ್ಖಾನೆ ತೆರೆಯಿತು. ಅದರ ಬಿಡಿಭಾಗಗಳಲ್ಲಿ ಪೀಣ್ಯದ ಪಾಲೆಷ್ಟು ಎಂಬುದು ನಮ್ಮ ಉದ್ದಿಮೆದಾರರು ಕೇಳಬೇಕಾದ ಪ್ರಶ್ನೆ.

ಬೆಂಗಳೂರಿನ ಜಿಇ ಎಂಜಿನಿಯರುಗಳು ಮ್ಯಾಕ್ 400 ಇಸಿಜಿ ಯಂತ್ರವನ್ನು ರೂಪಿಸಿದಾಗ ದೊಡ್ಡ ಮುದ್ರಕವನ್ನು ಕೈಬಿಟ್ಟು, ಟಿಕೆಟ್ ಯಂತ್ರಗಳಲ್ಲಿರುವಂತಹ ಪುಟ್ಟ ಮುದ್ರಕವನ್ನು ಬಳಸಿ ಬೆಲೆ ಇಳಿಸಿದರು. ಪೇಟೆಯ ಸಾಮಾನ್ಯ ವಸ್ತುವಿಗೂ ಇಲ್ಲಿ ಸ್ಥಾನವುಂಟು.

ಪೀಣ್ಯದಲ್ಲಿ ಸಿಎನ್‌ಸಿ ಕೌಶಲಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ದಾಖಲೆಯಲ್ಲಿ. ಸ್ಯಾಂಪಲ್ ಪಾಸಾಯಿತು, ಮಾಲು ಕಳುಹಿಸಿ ಎಂಬ ರೂಢಿ ಈ ಕ್ಷೇತ್ರದಲ್ಲಿ ನಡೆಯದು. ಪಂಪಿನ ಭಾಗ ಕೆಟ್ಟರೆ ಬದಲಿಸಿಕೊಡಬಹುದು. ರೋಗಿ ಮಲಗಿರುವ ಮೇಜಿನ ಭಾಗ ಯಾವ ಲೋಹದ ಯಾವ ಲಾಟಿನಿಂದ ಬಂದಿತು, ಯಾರು ಅಳೆದರು ಎಂಬುದನ್ನು ವರ್ಷಗಳ ನಂತರವೂ ತೋರಿಸಬೇಕು. ಐಎಸ್‌ಒ 13485 ಬಯಸುವ ಶಿಸ್ತು ಇದೇ. ಟೈಟಾನಿಯಂ ಕವಚದೊಳಗೆ ವರ್ಷಾನುಗಟ್ಟಲೆ ದುಡಿಯುವ ಪೇಸ್‌ಮೇಕರಿನ ಮಾತು ಸದ್ಯಕ್ಕೆ ಬೇಡ. ಮೇಜು, ಸ್ಟ್ಯಾಂಡು, ಹೊರಕವಚಗಳಿಂದ ಆರಂಭಿಸುವುದು ಲೇಸು.

ಇಪ್ಪತ್ತು ಕಾರ್ಮಿಕರ ಘಟಕವೊಂದು ಈ ವೆಚ್ಚವನ್ನು ಒಂಟಿಯಾಗಿ ಹೊರಲಾರದು. ಹತ್ತು ಘಟಕಗಳು ಸೇರಿದರೆ ಒಂದು ಮಾಪನ ಕೊಠಡಿ, ಒಬ್ಬ ಗುಣಮಟ್ಟ ಅಧಿಕಾರಿ ಸಾಕು. ವಾಣಿಜ್ಯ ಮಂಡಳಿ ಇದಕ್ಕೆ ಮುಂದಾಗಬೇಕು. ಖರೀದಿಸುವ ದೊಡ್ಡ ಸಂಸ್ಥೆಗಳೂ ವಾರ್ಷಿಕ ಬೇಡಿಕೆಯನ್ನು ಮೊದಲೇ ಲಿಖಿತವಾಗಿ ತಿಳಿಸಲಿ; ಸಣ್ಣ ಘಟಕಗಳಿಗೆ 2006ರ ಕಾಯ್ದೆ ವಿಧಿಸಿರುವ 45 ದಿನಗಳ ಮಿತಿಯೊಳಗೆ ಹಣ ಪಾವತಿಸಲಿ.