ಬೆರಳ ತುದಿಯ ಕನ್ನಡ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಕಾಸರಗೋಡಿನ ಮನೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿ, ಉಗುರು ತೆಗೆದು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ ಅಣಿಗೊಳಿಸುವುದು ವಾಡಿಕೆ. ಅದೇ ಮಕ್ಕಳು ಸಂಜೆ ಮೊಬೈಲಿನಲ್ಲಿ ಬರೆಯುವ ಕನ್ನಡ ಮಾತ್ರ ಹಲವೊಮ್ಮೆ ಇಂಗ್ಲಿಷ್ ಅಕ್ಷರಗಳ ಎರವಲು ಉಡುಪಿನಲ್ಲಿರುತ್ತದೆ. ಹೆತ್ತವರ ಸಂದೇಶಗಳೂ ಇದಕ್ಕೆ ಹೊರತಲ್ಲ.

ಎರವಲು ಲಿಪಿಯಲ್ಲಿ ಕಳೆದುಹೋಗುವುದು ಅಂದವಷ್ಟೇ ಅಲ್ಲ, ಅರ್ಥವೂ ಹೌದು. ಅಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ. ಬೆಲೆ, ಬೆಳೆ, ಬೇಳೆಗಳಿಗೂ ಭೇದವಿಲ್ಲ. ಹಾಗೆ ಬರೆದು ರೂಢಿಯಾದ ಕೈ ಪರೀಕ್ಷೆಯಲ್ಲಿ ಲಕಾರ, ಳಕಾರಗಳ ನಡುವೆ ತಡವರಿಸಿದರೆ ಮಗುವನ್ನು ದೂರಿ ಫಲವಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುವ ಎಷ್ಟೋ ಮಕ್ಕಳಿಗೆ ಕನ್ನಡವು ಕಿವಿಗಿಂತ ಹೆಚ್ಚಾಗಿ ಅಕ್ಷರದ ಮೂಲಕವೇ ಒಲಿಯುವ ಭಾಷೆ. ಅಕ್ಷರ ತಪ್ಪಿದರೆ ಅವರಿಗೆ ಉಳಿಯುವುದು ಅಲ್ಪ.

ಪರಿಹಾರ ಕೈಯಳತೆಯಲ್ಲಿದೆ. ಆಂಡ್ರಾಯ್ಡ್ ಫೋನಿನ ಜಿಬೋರ್ಡ್ ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ, ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದರೆ ಸಾಕು. ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿದೆ. ಒಂದೂವರೆ ಲಕ್ಷದಷ್ಟು ಪದಗಳು ಅದರಲ್ಲಿವೆ. ಅಲರ್ ಎಂದರೆ ಹೂವು. ಅಜ್ಜಿಯ ಬಾಯಿಂದ ಕೇಳಿದ ಒಂದು ಪದವನ್ನು ದಿನವೂ ಅದರಲ್ಲಿ ಹುಡುಕಿ, ನೋಟುಪುಸ್ತಕದಲ್ಲಿ ಬರೆದಿಡುವುದು ಮಕ್ಕಳಿಗೆ ಖರ್ಚಿಲ್ಲದ ಹವ್ಯಾಸವಾದೀತು.

ಆದರೆ ಮೊದಲ ಸಂದೇಶ ಹೆತ್ತವರಿಂದಲೇ ಬರಬೇಕು. ಕೊಲ್ಲಿ ನಾಡಿನಲ್ಲಿರುವ ತಂದೆ ‘ಊಟ ಆಯಿತೇ ಮಗಾ?’ ಎಂದು ಕನ್ನಡ ಲಿಪಿಯಲ್ಲಿ ಕೇಳಿದರೆ, ಮಗುವಿನ ಉತ್ತರವೂ ಅದೇ ಲಿಪಿಯಲ್ಲಿ ಬಂದೀತು.