ಮಾಡ್ ಹಾಕಿದ ಮೇಲೆ ಗೇಮ್ ತೆರೆಯುತ್ತಿಲ್ಲವೇ? ‘ಅಲೋ’ ಒತ್ತುವ ಮೊದಲು ಇದನ್ನು ಓದಿ

“ಗೇಮ್ ಓಪನ್ ಆಗದಿದ್ದರೆ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ. ಹಳೇ ಗೇಮ್ ಡಿಲೀಟ್ ಮಾಡಿ. ಕೇಳಿದ್ದಕ್ಕೆಲ್ಲ ಅಲೋ ಕೊಡಿ.” ಗೇಮ್ ಮಾಡ್‌ಗಳ ಲಿಂಕ್ ಜೊತೆ ಇಂಥ ಸೂಚನೆ ಬರುವುದು ಈಗ ಮಾಮೂಲಾಗಿದೆ. ಇದನ್ನು ಓದಿ ಹಾಗೆಯೇ ಮಾಡುವವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ. ಅವರ ಕೈಯಲ್ಲಿರುವುದು ಎಷ್ಟೋ ಸಲ ಅಪ್ಪನ ಅಥವಾ ಅಮ್ಮನ ಫೋನ್. ಯುಪಿಐ ಇರುವುದೂ ಅದರಲ್ಲೇ, ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ.

ಹಾಗಂತ ಮಾಡ್ ಎಂಬುದೇ ಮೋಸವಲ್ಲ. ಅದು ಮಕ್ಕಳು ಕಂಪ್ಯೂಟರ್ ಕಲಿಯಲು ಇರುವ ಒಳ್ಳೆಯ ದಾರಿಗಳಲ್ಲಿ ಒಂದು. ತೊಂದರೆ ಇರುವುದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆಯುವುದರಲ್ಲಿ. ನಿಜವಾದ ಮಾಡ್ ಯಾವುದು, ಅದು ಕೆಟ್ಟಾಗ ಸರಿಪಡಿಸುವುದು ಹೇಗೆ, ಸ್ವಂತದ್ದೊಂದನ್ನು ಮಾಡಲು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಮಾಡ್ ಎಂದರೇನು?

ಮಾಡಿಫಿಕೇಷನ್ ಎಂಬ ಪದದ ಚಿಕ್ಕ ರೂಪವೇ ಮಾಡ್. ಅಂದರೆ ಮಾರ್ಪಾಡು. ಇರುವ ಗೇಮಿಗೆ ಆಟಗಾರರೇ ಹೊಸ ಬಣ್ಣ, ಹೊಸ ವಾಹನ, ಹೊಸ ನಿಯಮ ಸೇರಿಸುವುದು. 1993ರಲ್ಲಿ ಬಂದ ‘ಡೂಮ್’ ಗೇಮ್ ತನ್ನ ಚಿತ್ರ, ಶಬ್ದ, ನಕ್ಷೆಗಳನ್ನು ಬೇರೆ ಫೈಲಿನಲ್ಲಿ ಇಟ್ಟಿತ್ತು. ಹಾಗಾಗಿ ಮೂಲ ಗೇಮ್ ಮುಟ್ಟದೆಯೇ ಅವನ್ನು ಬದಲಿಸಲು ಆಟಗಾರರಿಗೆ ಸಾಧ್ಯವಾಯಿತು. 1999ರಲ್ಲಿ ‘ಕೌಂಟರ್ ಸ್ಟ್ರೈಕ್’ ಹುಟ್ಟಿದ್ದು ‘ಹಾಫ್ ಲೈಫ್’ ಗೇಮಿನ ಮಾಡ್ ಆಗಿ. ನಮ್ಮಲ್ಲಿ ಮನೆಮಾತಾದ ಪಬ್‌ಜಿಯ ಬೇರೂ ಇಲ್ಲೇ ಇದೆ. ಬ್ರೆಂಡನ್ ಗ್ರೀನ್ ಎಂಬವರು ‘ಆರ್ಮಾ’ ಗೇಮ್‌ಗಳಿಗೆ ಮಾಡಿದ ಮಾಡ್‌ಗಳ ಕಲ್ಪನೆಯೇ ಬೆಳೆದು 2017ರಲ್ಲಿ ಪಬ್‌ಜಿ ಆಯಿತು.

ಹತ್ತಿರದ ಉದಾಹರಣೆ ಬೇಕೆಂದರೆ ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ನೋಡಿ. ಇಂಡೊನೇಷ್ಯಾದ ಮಾಲಿಯೊ ಸಂಸ್ಥೆಯ ಈ ಮೊಬೈಲ್ ಗೇಮ್, ಬಸ್ಸಿನ ಮೈಬಣ್ಣವನ್ನು ನಾವೇ ಬದಲಿಸಲು ಬಿಡುತ್ತದೆ. ಅದರಿಂದಲೇ ನಮ್ಮ ಹುಡುಗರು ಜಕಾರ್ತದ ರಸ್ತೆಯಲ್ಲಿ ಕೆಎಸ್‌ಆರ್‌ಟಿಸಿ ಬಸ್ ಓಡಿಸುತ್ತಿದ್ದಾರೆ. ಇಲ್ಲಿ ಯಾವ ಕಳ್ಳದಾರಿಯೂ ಇಲ್ಲ. ಗೇಮ್ ಮಾಡಿದವರೇ ಬಾಗಿಲು ತೆರೆದಿಟ್ಟಿದ್ದಾರೆ.

‘ಅನ್‌ಲಿಮಿಟೆಡ್ ಡೈಮಂಡ್’ ಮಾಡ್ ಕೆಲಸ ಮಾಡುತ್ತದೆಯೇ?

ಆನ್‌ಲೈನ್ ಗೇಮ್‌ಗಳಲ್ಲಿ ಇಲ್ಲ. ನಿಮ್ಮ ಖಾತೆಯಲ್ಲಿ ಎಷ್ಟು ಡೈಮಂಡ್ ಇದೆ ಎಂಬ ಲೆಕ್ಕ ಇರುವುದು ಕಂಪನಿಯ ಸರ್ವರ್‌ನಲ್ಲಿ. ನಿಮ್ಮ ಫೋನ್ ಅದನ್ನು ತೋರಿಸುತ್ತದೆ, ಅಷ್ಟೆ. ಪಾಸ್‌ಬುಕ್ಕಿನಲ್ಲಿ ಪೆನ್ನಿನಿಂದ ಒಂದು ಸೊನ್ನೆ ಹೆಚ್ಚು ಬರೆದರೆ ಬ್ಯಾಂಕಿನಲ್ಲಿ ಹಣ ಹೆಚ್ಚುವುದಿಲ್ಲವಲ್ಲ, ಇದೂ ಹಾಗೆಯೇ. ಇಂಟರ್ನೆಟ್ ಇಲ್ಲದೆ ಒಬ್ಬರೇ ಆಡುವ ಕೆಲವು ಗೇಮ್‌ಗಳಲ್ಲಿ ಲೆಕ್ಕ ಫೋನಿನಲ್ಲೇ ಇರುವುದರಿಂದ ಅಂಕಿ ಬದಲಿಸಬಹುದು. ಆದರೆ ಆನ್‌ಲೈನ್ ಗೇಮ್‌ಗಳಲ್ಲಿ ಇಂಥದ್ದಕ್ಕೆ ಕೈಹಾಕಿದರೆ ಖಾತೆಯೇ ಬ್ಲಾಕ್ ಆಗಬಹುದು.

ಇಂಥ ಫೈಲ್‌ಗಳನ್ನು ‘ಮಾಡ್ ಎಪಿಕೆ’ ಎನ್ನುತ್ತಾರೆ. ಇದು ಗೇಮಿಗೆ ಸೇರಿಸುವ ತುಣುಕಲ್ಲ, ಯಾರೋ ಬಿಚ್ಚಿ ಮತ್ತೆ ಕಟ್ಟಿದ ಇಡೀ ಆ್ಯಪ್. ಪ್ರತಿ ಆಂಡ್ರಾಯ್ಡ್ ಆ್ಯಪ್‌ನ ಮೇಲೂ ಅದನ್ನು ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಬಿಚ್ಚಿ ಕಟ್ಟಿದವರ ಬಳಿ ಮೂಲ ಸಹಿ ಇಲ್ಲದ ಕಾರಣ ಅವರು ತಮ್ಮ ಸಹಿ ಹಾಕುತ್ತಾರೆ. ಸಹಿ ಹೊಂದದಿದ್ದರೆ ಹಳೆಯ ಆ್ಯಪ್‌ನ ಮೇಲೆ ಹೊಸದನ್ನು ಹಾಕಲು ಆಂಡ್ರಾಯ್ಡ್ ಬಿಡುವುದಿಲ್ಲ. “ಹಳೇ ಗೇಮ್ ಡಿಲೀಟ್ ಮಾಡಿ” ಎಂಬ ಸೂಚನೆ ಬರುವುದು ಈ ಕಾರಣಕ್ಕೇ. ಅಂದರೆ ಆ ಸಾಲೇ ಇದು ಮೂಲ ಕಂಪನಿಯ ಆ್ಯಪ್ ಅಲ್ಲ ಎಂಬುದಕ್ಕೆ ಸುಳಿವು.

ಒಳಗೆ ಇನ್ನೇನು ಸೇರಿಸಿದ್ದಾರೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಗೇಮ್ ಆಡಲು ಎಸ್‌ಎಂಎಸ್ ಓದುವ ಅಗತ್ಯವಿಲ್ಲ, ಆಕ್ಸೆಸಿಬಿಲಿಟಿ ಅನುಮತಿಯೂ ಬೇಕಿಲ್ಲ. ಇವೆರಡನ್ನು ಕೊಟ್ಟರೆ ಒಟಿಪಿ ಓದಲು, ಪರದೆಯ ಮೇಲಿರುವುದನ್ನು ನೋಡಲು, ನಿಮ್ಮ ಪರವಾಗಿ ಬಟನ್ ಒತ್ತಲು ದಾರಿಯಾಗುತ್ತದೆ. ಇವನ್ನು ಕೇಳುವ ಗೇಮನ್ನು ಅಲ್ಲಿಗೇ ಬಿಡಿ.

ಪ್ರಸಿದ್ಧ ತಾಣದಿಂದ ಇಳಿಸಿಕೊಂಡರೆ ಸಾಕೇ?

ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. 2015ರಲ್ಲಿ ‘ಜಿಟಿಎ 5’ ಗೇಮಿನ ‘ಆ್ಯಂಗ್ರಿ ಪ್ಲೇನ್ಸ್’ ಎಂಬ ಮಾಡ್‌ನಲ್ಲಿ ಕೀಬೋರ್ಡ್‌ನಲ್ಲಿ ಒತ್ತಿದ ಅಕ್ಷರಗಳನ್ನು ಕದಿಯುವ ತಂತ್ರಾಂಶ ಸಿಕ್ಕಿತ್ತು. 2023ರ ಜೂನ್‌ನಲ್ಲಿ ‘ಮೈನ್‌ಕ್ರಾಫ್ಟ್’ ಮಾಡ್‌ಗಳ ದೊಡ್ಡ ತಾಣವಾದ ಕರ್ಸ್‌ಫೋರ್ಜ್‌ನಲ್ಲೇ ಹಲವು ಮಾಡ್‌ಗಳೊಳಗೆ ‘ಫ್ರ್ಯಾಕ್ಚರೈಸರ್’ ಎಂಬ ಕಳ್ಳ ತಂತ್ರಾಂಶ ಸೇರಿಕೊಂಡಿತ್ತು. ವಿಂಡೋಸ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳ ಬ್ರೌಸರ್‌ನಲ್ಲಿ ಉಳಿಸಿಟ್ಟ ಲಾಗಿನ್ ವಿವರಗಳಿಗೆ ಅದು ಕನ್ನ ಹಾಕುತ್ತಿತ್ತು.

ಆದ್ದರಿಂದ ಕೈಗೆ ಬಂದ ಫೈಲ್ ಯಾವ ಜಾತಿಯದು ಎಂದು ಮೊದಲು ಕೇಳಿಕೊಳ್ಳಬೇಕು. ಬಸ್ಸಿನ ಬಣ್ಣದಂಥದ್ದು ಬರೀ ಚಿತ್ರ, ಅಪಾಯ ತೀರಾ ಕಡಿಮೆ. ಕಂಪ್ಯೂಟರಿನ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯ ಮಾಡ್ ಒಂದು ಪ್ರೋಗ್ರಾಂ, ಕಂಪ್ಯೂಟರಿನಲ್ಲಿ ಬೇರೆ ಕೆಲಸವನ್ನೂ ಮಾಡಬಲ್ಲದು. ಎಪಿಕೆ ಎಂದರೆ ಇಡೀ ಆ್ಯಪ್. ಫೈಲ್ ಚಿತ್ರದಿಂದ ಪ್ರೋಗ್ರಾಂ ಕಡೆಗೆ ಹೋದಷ್ಟೂ ಎಚ್ಚರ ಹೆಚ್ಚಬೇಕು.

ಗೇಮ್ ಮುಚ್ಚಿಕೊಂಡರೆ ಕಂಪ್ಯೂಟರ್ ಹಾಳಾಯಿತೇ?

ಇಲ್ಲ. ಮಾಡ್ ಹಾಕಿದ ಮೇಲೆ ಗೇಮ್ ಕ್ರ್ಯಾಶ್ ಆಗಲು ಹೆಚ್ಚಿನ ಸಲ ಸರಳ ಕಾರಣಗಳಿರುತ್ತವೆ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯನ್ನೇ ತೆಗೆದುಕೊಳ್ಳೋಣ.

ಒಂದು, ಗೇಮಿನ ಆವೃತ್ತಿ ಮತ್ತು ಮಾಡ್ ಬಯಸುವ ಆವೃತ್ತಿ ಬೇರೆ ಬೇರೆ ಇರುತ್ತವೆ. ಗೇಮ್ ಅಪ್‌ಡೇಟ್ ಆದ ಮರುದಿನ ಹಳೆಯ ಮಾಡ್ ನಿಂತುಹೋಗುವುದು ಇದರಿಂದಲೇ.

ಎರಡು, ಲೋಡರ್ ತಪ್ಪಾಗಿರುತ್ತದೆ. ಮಾಡ್‌ಗಳನ್ನು ಗೇಮಿನೊಳಗೆ ಕೂರಿಸುವ ತಂತ್ರಾಂಶಕ್ಕೆ ಲೋಡರ್ ಎನ್ನುತ್ತಾರೆ. ಫೋರ್ಜ್, ಫ್ಯಾಬ್ರಿಕ್ ಎಂಬ ಎರಡು ಹೆಸರುವಾಸಿ. ಒಂದಕ್ಕೆಂದು ಮಾಡಿದ್ದು ಇನ್ನೊಂದರಲ್ಲಿ ನೇರವಾಗಿ ನಡೆಯುವುದಿಲ್ಲ.

ಮೂರು, ಜೊತೆಗಾರ ಫೈಲ್ ಇರುವುದಿಲ್ಲ. ಫ್ಯಾಬ್ರಿಕ್‌ನ ಎಷ್ಟೋ ಮಾಡ್‌ಗಳಿಗೆ ‘ಫ್ಯಾಬ್ರಿಕ್ ಎಪಿಐ’ ಕೂಡ ಬೇಕು. ಅದಿಲ್ಲದಿದ್ದರೆ ಗೇಮ್ ಏಳುವುದೇ ಇಲ್ಲ.

ನಾಲ್ಕು, ಎರಡು ಮಾಡ್‌ಗಳು ಒಂದೇ ಜಾಗವನ್ನು ಬದಲಿಸಲು ಹೋಗಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ.

ಈ ನಾಲ್ಕರಲ್ಲಿ ಯಾವುದನ್ನೂ ಆ್ಯಂಟಿವೈರಸ್ ಆಫ್ ಮಾಡಿ ಸರಿಪಡಿಸಲು ಆಗದು. ನಾವು ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ. ಮಾಡ್ ರಿಪೇರಿ ಎಂದರೆ ಒಂದೊಂದನ್ನೇ ತೆಗೆದು ನೋಡುವುದು, ಬಂದ ಸಂದೇಶ ಓದುವುದು. ಕಾವಲು ತೆಗೆಯಲು ಹೇಳುವ ಸಲಹೆ ರಿಪೇರಿಯಲ್ಲ.

ತಪ್ಪು ಹುಡುಕುವ ಲೆಕ್ಕಾಚಾರ

ಮೊದಲು ನೀವು ಆಡಿ ಉಳಿಸಿಟ್ಟ ಗೇಮಿನ ಒಂದು ನಕಲು ಮಾಡಿ ಬೇರೆಡೆ ಇಡಿ. ಮಾಡ್ ತೆಗೆದರೆ ಅದರಿಂದ ಕಟ್ಟಿದ ವಸ್ತುಗಳೂ ಮಾಯವಾಗಬಹುದು. ಪರೀಕ್ಷೆಯನ್ನೆಲ್ಲ ಹೊಸ ಲೋಕವೊಂದರಲ್ಲಿ ಮಾಡಿ.

ಆಮೇಲೆ ಲಾಗ್ ಫೈಲ್ ತೆರೆಯಿರಿ. ಗೇಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ ಅದು. ಮೈನ್‌ಕ್ರಾಫ್ಟ್ ಫೋಲ್ಡರ್‌ನೊಳಗೆ ‘ಲಾಗ್ಸ್’, ‘ಕ್ರ್ಯಾಶ್ ರಿಪೋರ್ಟ್ಸ್’ ಎಂಬ ಫೋಲ್ಡರ್‌ಗಳಲ್ಲಿ ಸಿಗುತ್ತದೆ. ಉದ್ದ ನೋಡಿ ಗಾಬರಿ ಬೇಡ. ‘ಎರರ್’, ‘ಕಾಸ್ಡ್ ಬೈ’, ‘ರಿಕ್ವೈರ್ಸ್’ ಎಂಬ ಪದಗಳನ್ನು ಹುಡುಕಿ. ಅದರ ಆಸುಪಾಸಿನಲ್ಲಿ ಎಷ್ಟೋ ಸಲ ತಪ್ಪಿತಸ್ಥ ಮಾಡ್‌ನ ಹೆಸರೇ ಇರುತ್ತದೆ.

ಹೆಸರು ಸಿಗದಿದ್ದರೆ ಅರ್ಧ ಮಾಡುವ ಉಪಾಯ ಇದೆ. 32 ಮಾಡ್ ಹಾಕಿದ್ದೀರಿ ಎನ್ನೋಣ. 16ನ್ನು ತೆಗೆದು ಬೇರೆ ಫೋಲ್ಡರ್‌ನಲ್ಲಿ ಇಡಿ, ಗೇಮ್ ಓಡಿಸಿ. ಸರಿಯಾಗಿ ಓಡಿದರೆ ತಪ್ಪು ತೆಗೆದಿಟ್ಟ 16ರಲ್ಲಿದೆ, ಓಡದಿದ್ದರೆ ಉಳಿದ 16ರಲ್ಲಿದೆ. ಅದನ್ನು ಮತ್ತೆ 8, 4, 2, 1 ಮಾಡುತ್ತಾ ಹೋಗಿ. ಐದೇ ಪ್ರಯತ್ನದಲ್ಲಿ ಒಂದಕ್ಕೆ ಬರುತ್ತೀರಿ. 100 ಮಾಡ್ ಇದ್ದರೂ ಏಳು ಪ್ರಯತ್ನ ಸಾಕು. ಎರಡು ಸಂಗತಿ ನೆನಪಿರಲಿ: ಜೊತೆಗಾರ ಫೈಲ್‌ಗಳನ್ನು ಅವು ಬೇಕಾದ ಮಾಡ್‌ನ ಜೊತೆಯಲ್ಲೇ ಇಡಬೇಕು. ಎರಡೂ ಅರ್ಧಗಳು ಬೇರೆ ಬೇರೆಯಾಗಿ ಓಡಿ, ಸೇರಿಸಿದಾಗ ಮಾತ್ರ ಕೆಟ್ಟರೆ ಅದು ಇಬ್ಬರ ಜಗಳ. ಆಗ ಒಂದು ಅರ್ಧವನ್ನು ಹಾಗೇ ಇಟ್ಟು ಇನ್ನೊಂದರಿಂದ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬನ್ನಿ.

ಇನ್ನೊಬ್ಬರ ಸಹಾಯ ಕೇಳುವುದಾದರೆ “ವರ್ಕ್ ಆಗ್ತಿಲ್ಲ” ಎಂದಷ್ಟೇ ಬರೆಯಬೇಡಿ. ಗೇಮಿನ ಆವೃತ್ತಿ, ಲೋಡರ್, ಮಾಡ್‌ಗಳ ಪಟ್ಟಿ, ಕೊನೆಯದಾಗಿ ಬದಲಿಸಿದ್ದು ಯಾವುದು, ಪೂರ್ತಿ ಲಾಗ್ ಇಷ್ಟನ್ನೂ ಕೊಡಿ. ಲಾಗ್‌ನಲ್ಲಿ ನಿಮ್ಮ ಹೆಸರು ಕಾಣಬಹುದು, ಕಳಿಸುವ ಮೊದಲು ಅಳಿಸಿ.

ಕೋಡಿಂಗ್ ಬಾರದವರು ಮಾಡ್ ಮಾಡಬಹುದೇ?

ಖಂಡಿತ. ಶುರು ಮಾಡಬೇಕಾದ್ದು ಚಿತ್ರದಿಂದ. ಫೋನಿನಲ್ಲಿ ಆಡುವ ಮೈನ್‌ಕ್ರಾಫ್ಟ್ ಬೆಡ್‌ರಾಕ್ ಆವೃತ್ತಿಯಲ್ಲಿ ಮಣ್ಣಿನ ಇಟ್ಟಿಗೆಯ ಮೈಬಣ್ಣ ಬದಲಿಸುವುದು ಒಳ್ಳೆಯ ಮೊದಲ ಪಾಠ. ಗೇಮ್ ಹಣ ಕೊಟ್ಟು ಕೊಂಡದ್ದೇ ಆಗಿರಲಿ. ಕದ್ದ ಪ್ರತಿಯಲ್ಲಿ ತಪ್ಪು ನಿಮ್ಮದೋ ಗೇಮಿನದೋ ಎಂಬುದೇ ತಿಳಿಯದು.

ಆ ಮಣ್ಣು ಬರೀ 16 ಅಗಲ, 16 ಎತ್ತರದ ಚುಕ್ಕಿಗಳ ಪಿಎನ್‌ಜಿ ಚಿತ್ರ. ಮೈನ್‌ಕ್ರಾಫ್ಟ್ ತಯಾರಕರಾದ ಮೊಜಾಂಗ್ ಮಾದರಿ ಚಿತ್ರಗಳನ್ನು ಉಚಿತವಾಗಿ ಪ್ರಕಟಿಸಿದ್ದಾರೆ. ಅದನ್ನು ಇಳಿಸಿಕೊಂಡು ಕೆಮ್ಮಣ್ಣಿನ ಬಣ್ಣ ಬಳಿದು, ಅದೇ ಹೆಸರಿನಲ್ಲಿ, ಅದೇ ಫೋಲ್ಡರ್ ಜೋಡಣೆಯಲ್ಲಿ ಇಡಬೇಕು. ಜೊತೆಗೆ ‘ಮ್ಯಾನಿಫೆಸ್ಟ್’ ಎಂಬ ಜೆಸನ್ ಫೈಲ್ ಬೇಕು. ಇದು ನಿಮ್ಮ ಪ್ಯಾಕ್‌ನ ಗುರುತಿನ ಚೀಟಿ: ಹೆಸರು, ವಿವರಣೆ, ಆವೃತ್ತಿ, ಯುಯುಐಡಿ ಎಂಬ ಎರಡು ಉದ್ದ ಸಂಖ್ಯೆಗಳು ಇದರಲ್ಲಿರುತ್ತವೆ. ಎಲ್ಲವನ್ನೂ ಜಿಪ್ ಮಾಡಿ, ಫೈಲ್ ಹೆಸರಿನ ಕೊನೆಯ ‘ಜಿಪ್’ ಬದಲು ‘ಎಂಸಿಪ್ಯಾಕ್’ ಎಂದು ಬರೆದರೆ ಗೇಮ್ ಅದನ್ನು ಗುರುತಿಸುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಹೀಗೆ. ಜೆಸನ್‌ನಲ್ಲಿ ಅಲ್ಪವಿರಾಮ ಬಿಟ್ಟುಹೋಗಿರುತ್ತದೆ. ನಕಲು ಮಾಡುವಾಗ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬದಲಾಗಿರುತ್ತದೆ. ಬೇರೆ ಪ್ಯಾಕ್‌ನ ಯುಯುಐಡಿಯನ್ನೇ ಬಳಸಿರುತ್ತಾರೆ. ಫೋಲ್ಡರ್‌ನೊಳಗೆ ಇನ್ನೊಂದು ಫೋಲ್ಡರ್ ಸೇರಿ ಮ್ಯಾನಿಫೆಸ್ಟ್ ಒಳಗೆ ಹೂತುಹೋಗಿರುತ್ತದೆ. ವಿಂಡೋಸ್‌ನಲ್ಲಾದರೆ ಫೈಲ್ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ‘ಟಿಎಕ್ಸ್‌ಟಿ’ ಅಂಟಿಕೊಂಡಿರುತ್ತದೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ‘ಕ್ರಿಯೇಟರ್’ ವಿಭಾಗಕ್ಕೆ ಹೋಗಿ ‘ಕಂಟೆಂಟ್ ಲಾಗ್’ ಆನ್ ಮಾಡಿದರೆ ಗೇಮಿಗೆ ಕಂಡ ತಪ್ಪುಗಳು ಪರದೆಯ ಮೇಲೆ ಬರುತ್ತವೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಈ ಅಭ್ಯಾಸ ಬಂದರೆ ಚಿತ್ರದಿಂದ ಶಬ್ದಕ್ಕೆ, ಶಬ್ದದಿಂದ ನಿಯಮಗಳಿಗೆ, ಅಲ್ಲಿಂದ ಕೋಡ್‌ಗೆ ಹೋಗುವುದು ಕಷ್ಟವಲ್ಲ. ಇನ್ನೊಬ್ಬರು ಮಾಡಿದ ಮಾಡ್ ಬಿಚ್ಚಿ ನೋಡಿ ಕಲಿಯಬಹುದು, ಆದರೆ ಅವರ ಒಪ್ಪಿಗೆ ಇಲ್ಲದೆ ನಿಮ್ಮ ಹೆಸರಿನಲ್ಲಿ ಹಂಚಬೇಡಿ.

ಮನೆಯವರಿಗೆ ಎರಡು ಮಾತು

ಮಗು “ಮಾಡ್ ಹಾಕಬೇಕು” ಎಂದರೆ ಬೈಯುವ ಮೊದಲು ಯಾವ ಫೈಲ್, ಎಲ್ಲಿಂದ ಬಂದದ್ದು ಎಂದು ಕೇಳಿ. ಬಣ್ಣ ಬದಲಿಸುವ ಪ್ಯಾಕ್ ಆದರೆ ಪಕ್ಕದಲ್ಲಿ ಕೂತು ನೋಡಿ. ಪುಕ್ಕಟೆ ಡೈಮಂಡ್ ಆಸೆ ತೋರಿಸುವ ಎಪಿಕೆ ಆದರೆ ಮೇಲಿನ ಪಾಸ್‌ಬುಕ್ ಲೆಕ್ಕ ಹೇಳಿ. ಈಗಾಗಲೇ ಹಾಕಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ ಆ್ಯಪ್‌ನ ಅನುಮತಿಗಳನ್ನು ತೆಗೆದು ಅಳಿಸಿ, ಬೇರೆ ಫೋನಿನಿಂದ ಪಾಸ್‌ವರ್ಡ್ ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುಂಪಿನಲ್ಲಿ ಇಂಥ ಲಿಂಕ್ ಬಂದರೆ ಮುಂದಕ್ಕೆ ಕಳಿಸುವ ಮೊದಲು ಅದರ ಜೊತೆಗಿರುವ ಸೂಚನೆಗಳನ್ನು ಒಮ್ಮೆ ಓದಿ. ಆವೃತ್ತಿ ನೋಡಿ, ಲಾಗ್ ಓದಿ ಎಂದಿದ್ದರೆ ಅದು ಕಲಿಸುವವರ ಮಾತು. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದಿದ್ದರೆ ಅದನ್ನು ನಿಮ್ಮಲ್ಲೇ ನಿಲ್ಲಿಸಿ.