ಮಗನ ಬ್ಯಾಗಿನಲ್ಲಿ ತಂತಿಯ ಸುರುಳಿ ಸಿಕ್ಕರೆ...

ರಜೆಗೆಂದು ಬೆಂಗಳೂರಿನಿಂದ ಮಗ ಬಂದಿದ್ದಾನೆ. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲಿಳಿದು ಮನೆ ಸೇರಿದವನೇ ಬ್ಯಾಗ್ ಮೂಲೆಗೆಸೆದು ಮಲಗಿಬಿಟ್ಟ. ಒಗೆಯೋ ಬಟ್ಟೆ ತೆಗೆಯೋಣ ಅಂತ ನೀವು ಬ್ಯಾಗ್ ಬಿಚ್ಚುತ್ತೀರಿ. ಒಳಗೊಂದು ಪುಟ್ಟ ಡಬ್ಬಿ. ಅದರಲ್ಲಿ ಸಣ್ಣ ತಂತಿ, ಪೆನ್ನಿನ ಸ್ಪ್ರಿಂಗಿನಂಥ ಸುರುಳಿಗಳು, ಒಂದಿಷ್ಟು ಹತ್ತಿ, ಹಣ್ಣಿನ ವಾಸನೆಯ ಬಾಟಲಿ. ಕೇಳಿದರೆ, 'ಕಾಲೇಜ್ ಪ್ರಾಜೆಕ್ಟ್ ಅಮ್ಮ' ಅಂತಾನೆ. ಸರಿ ಅಂದುಕೊಂಡು ನೀವೂ ಸುಮ್ಮನಾಗುತ್ತೀರಿ ಅಲ್ವಾ?

ಸ್ವಲ್ಪ ನಿಲ್ಲಿ. ಅದು ಇ-ಸಿಗರೇಟಿನ ಸಾಮಾನು ಇರಬಹುದು. ಹುಡುಗರು ಅದನ್ನು 'ವೇಪ್' ಅಂತಾರೆ. ಕೆಲವು ರೆಡಿಮೇಡ್ ಸಿಗುತ್ತವೆ, ಇನ್ನು ಕೆಲವಕ್ಕೆ ತಂತಿ ಸುತ್ತಿ ಕಾಯಿಲ್ ಅನ್ನು ತಾವೇ ಮಾಡಿಕೊಳ್ಳುತ್ತಾರೆ. ಕಾಯಿಲ್ ನಡುವೆ ಹತ್ತಿ ತೂರಿಸಿ, ಹತ್ತಿಗೆ ದ್ರವ ಹೀರಿಸಿ, ಬ್ಯಾಟರಿಯಿಂದ ಕಾಯಿಸಿದರೆ ಹೊಗೆಯಂಥ ಹಬೆ ಬರುತ್ತದೆ.

ಕರೆಂಟ್ ಒಲೆಯ ಪಾಠ

ಇದು ನಮಗೆ ತಿಳಿಯದ ವಿದ್ಯೆಯೇನಲ್ಲ. ಹಳೇ ಕರೆಂಟ್ ಒಲೆ ನೆನಪಿದೆಯಾ? ಅದರ ಸುರುಳಿ ನೈಕ್ರೋಮ್ ತಂತಿಯದು. ವೇಪ್‌ಗೂ ಹೆಚ್ಚಾಗಿ ಬಳಸುವುದು ನೈಕ್ರೋಮ್ ಇಲ್ಲವೇ ಕಾಂತಲ್ ತಂತಿ. ಒಲೆಯ ಸುರುಳಿ ತುಂಡಾದಾಗ ಎರಡು ತುದಿ ಎಳೆದು ಗಂಟು ಹಾಕುತ್ತಿದ್ದೆವು. ಪ್ರತಿ ಸಲ ಕತ್ತರಿಸಿ ಜೋಡಿಸಿದಾಗಲೂ ತಂತಿ ಗಿಡ್ಡವಾಗಿ ಒಲೆ ಇನ್ನಷ್ಟು ಕೆಂಪಗಾಗುತ್ತಿತ್ತು, ಕೊನೆಗೊಂದು ದಿನ ಫ್ಯೂಸ್ ಹಾರುತ್ತಿತ್ತು.

ಇಲ್ಲಿಯೂ ಅದೇ ಲೆಕ್ಕ. ತಂತಿ ದಪ್ಪವಾದಷ್ಟು, ಸುತ್ತು ಕಡಿಮೆಯಾದಷ್ಟು ತಡೆ ಇಳಿಯುತ್ತದೆ, ಕರೆಂಟ್ ಏರುತ್ತದೆ. ಪೂರ್ತಿ ಚಾರ್ಜ್ ಆದ ಲಿಥಿಯಂ ಬ್ಯಾಟರಿ 4.2 ವೋಲ್ಟ್. ಕಾಯಿಲ್ 1 ಓಮ್ ಇದ್ದರೆ ಹರಿಯುವುದು 4.2 ಆಂಪಿಯರ್. 0.2 ಓಮ್‌ಗೆ ಇಳಿದರೆ 21 ಆಂಪಿಯರ್! ನಿಮ್ಮ ಮನೆಯ 2 ಕಿಲೋವಾಟ್ ಗೀಸರ್ ಎಳೆಯುವುದೂ 9 ಆಂಪಿಯರ್ ಆಸುಪಾಸು. ಒಲೆಗಾದರೆ ಫ್ಯೂಸ್ ಇತ್ತು. ಸರಿಯಾದ ರಕ್ಷಣೆ ಇಲ್ಲದ ಸಾಧನದಲ್ಲಿ ಬ್ಯಾಟರಿಯೇ ಕಾದು ಸಿಡಿಯಬಹುದು, ಅದೂ ಜೇಬಿನಲ್ಲಿ, ಮುಖದ ಹತ್ತಿರ. ಹಾಗಾಗಿ 'ಯಾವ ತಂತಿ, ಎಷ್ಟು ಸುತ್ತು' ಅನ್ನೋದು ಹುಡುಗಾಟದ ಪ್ರಶ್ನೆಯಲ್ಲ. ಹಾಗಂತ ಅಳತೆ ಸರಿಯಾಗಿದ್ದರೆ ಕ್ಷೇಮ ಅಂತಲೂ ಅಲ್ಲ. ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ನಿಕೋಟಿನ್. ಅದು ಬೇಗ ಚಟ ಹಿಡಿಸುತ್ತದೆ, ಬೆಳೆಯುವ ಮಿದುಳಿಗೆ ಕೆಡುಕು.

ಕಾನೂನು ಇದೆ, ಆದರೆ...

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟುಕೊಂಡರೂ 6 ತಿಂಗಳವರೆಗೆ ಜೈಲು, 50 ಸಾವಿರದವರೆಗೆ ದಂಡ ಬೀಳಬಹುದು. 'ಇದರಲ್ಲಿ ನಿಕೋಟಿನ್ ಇಲ್ಲ' ಅನ್ನುವ ನೆಪವೂ ನಡೆಯದು.

ಇಷ್ಟಾದರೂ ಮಾರಾಟ ನಿಲ್ಲಲಿಲ್ಲ. 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೂರು ಪಡೆಯಲೆಂದೇ ಒಂದು ವೆಬ್‌ಸೈಟ್ ತೆರೆಯಬೇಕಾಯಿತು. ಕದ್ದು ಬರುವ ಮಾಲಿಗೆ ಗುಣಮಟ್ಟದ ತಪಾಸಣೆ ಎಲ್ಲಿಂದ ಬರಬೇಕು? ಬಾಟಲಿಯ ಮೇಲೆ ಬರೆದದ್ದೇ ಒಳಗಿದೆ ಅಂತ ಹೇಳುವವರು ಯಾರು? 'ಸಿಗರೇಟಿಗಿಂತ ವಾಸಿ ಅಮ್ಮ' ಎಂದು ಮಗ ವಾದಿಸಬಹುದು. ಬ್ರಿಟನ್‌ನಲ್ಲಿ ಸಿಗರೇಟ್ ಬಿಡಲಾಗದ ವಯಸ್ಕರಿಗೆ ವೈದ್ಯರು ಇದನ್ನು ಹೇಳುವುದು ನಿಜ. ಆದರೆ ಸಿಗರೇಟನ್ನೇ ಮುಟ್ಟದ ಹುಡುಗನಿಗೆ ಇದು ಹೊಸ ಚಟ, ಅಷ್ಟೇ.

ನೀವೇನು ಮಾಡಬಹುದು?

* ಸಿಕ್ಕ ಕೂಡಲೇ ಕೂಗಾಡಬೇಡಿ. 'ಅಪ್ಪನಿಗೆ ಹೇಳ್ತೀನಿ ನೋಡು' ಎಂಬ ಬೆದರಿಕೆಯಿಂದ ಡಬ್ಬಿ ಬಚ್ಚಿಡುವ ಜಾಗ ಬದಲಾಗುತ್ತದೆ, ಚಟ ಬದಲಾಗುವುದಿಲ್ಲ.

* ಎದುರಿಗೆ ಕೂತು 'ಇದು ಕಾಯಿಲ್ ಅಲ್ವಾ? ಎಷ್ಟು ದಿನದಿಂದ?' ಅಂತ ಕೇಳಿ. ಅಮ್ಮನಿಗೆ ಗೊತ್ತಿದೆ ಅಂತ ಗೊತ್ತಾದರೆ ಸುಳ್ಳು ಹೇಳೋದು ಕಷ್ಟ.

* ಬಾಟಲಿಯನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ನಿಕೋಟಿನ್ ದ್ರವ ಕುಡಿದರೆ ಮಗುವಿನ ಜೀವಕ್ಕೇ ಅಪಾಯ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ.

* ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಜೊತೆ ಇಡಬೇಡಿ. ಕಸದ ಜೊತೆ ಬಚ್ಚಲೊಲೆಗೆ ಹಾಕಲೇಬೇಡಿ.

* ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ನಿದ್ದೆಗೇಡು ಸಹಜ. ರಾಷ್ಟ್ರೀಯ ತಂಬಾಕು ಬಿಡುಗಡೆ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಗನಿಂದಲೇ ಮಾಡಿಸಿ.

ಬೇಲೂರು, ಹಳೇಬೀಡಿನ ತಾಯಂದಿರೇ, 'ನಮ್ಮ ಊರಲ್ಲಿ ಇದೆಲ್ಲ ಎಲ್ಲಿದೆ' ಅಂದುಕೊಳ್ಳಬೇಡಿ. ಊರಲ್ಲಿ ಅಂಗಡಿ ಇಲ್ಲದಿರಬಹುದು, ಮಗನ ಕೈಯಲ್ಲಿ ಮೊಬೈಲ್ ಇದೆಯಲ್ಲ! ಮುಂದಿನ ಸಲ ಅವನು ಬಂದಾಗ ಊಟಕ್ಕೆ ಬಡಿಸುತ್ತಾ ನೀವೇ ಈ ಮಾತು ತೆಗೆಯಿರಿ. ಡಬ್ಬಿ ಕೈಗೆ ಸಿಗುವವರೆಗೆ ಕಾಯಬೇಕಾಗಿಲ್ಲ.